ಸಿಂಚನಳ ಪಾಲಿನ ತೌಡು

ಕೊಡಿಗೇಹಳ್ಳಿ
12 ಜುಲೈ 2014

ದ್ರೌಪದಮ್ಮನವರಿಗೆ ನಮಸ್ಕಾರಗಳು.

ಹೋದ ಭಾನುವಾರ ಚಿಕ್ಕಬಾಣಾವರದ ನಿಮ್ಮ ಮಕ್ಕಳ ಲೈಬ್ರರಿಗೆ ಹಳದಿ ಫ್ರಾಕಿನ ಹುಡುಗಿಯನ್ನು ಕರೆದುಕೊಂಡು ಬಂದಿದ್ದವಳು ನಾನು. ಅವಳು ಆನೆಯ ಪುಸ್ತಕವನ್ನು ತಲೆಕೆಳಗಾಗಿ ಹಿಡಿದು ಕೂತಿದ್ದಳು. ನೀವು ತಿರುಗಿಸಿ ಕೊಡಲಿಲ್ಲ. 'ಆನೆ ಬಿದ್ಬಿಟ್ಟಿದೆ' ಎಂದು ಅವಳು ಹೇಳಿದಾಗ 'ಇರು, ಏಳುತ್ತೆ' ಎಂದಿರಿ. ನಿಮಗೆ ಬರೆಯಬಹುದು ಅನ್ನಿಸಿದ್ದು ಆಗಲೇ.

ನಿಮ್ಮ ಬಾಗಿಲ ಮೇಲೆ 'ನನಗೆ ಕಿವಿ ಸರಿಯಾಗಿ ಕೇಳುವುದಿಲ್ಲ, ಫೋನ್ ಮಾಡಬೇಡಿ, ಬೇಕಾದ ಪುಸ್ತಕವನ್ನು ಬರೆದು ಕೊಡಿ' ಎಂದಿದೆ. ಅವತ್ತು ಒಂದು ಚೀಟಿ ಬರೆದೂ ಇದ್ದೆ. ಪಕ್ಕದಲ್ಲಿ ನಮ್ಮ ಬಡಾವಣೆಯ ಒಬ್ಬರು ನಿಂತಿದ್ದರಿಂದ ಹರಿದು ಪರ್ಸಿನಲ್ಲಿ ಹಾಕಿಕೊಂಡೆ.

ಸಿಂಚನ ನಾನು ಹೆತ್ತ ಮಗಳಲ್ಲ. ಐದು ತಿಂಗಳ ಕೂಸಾಗಿದ್ದಾಗ ಶಿಶುಗೃಹದಿಂದ ದತ್ತು ತಂದೆವು. ಈಗ ನಾಲ್ಕೂವರೆ ವರ್ಷ, ಎಲ್‌ಕೆಜಿ. ನಮ್ಮದು ಮೂರಂತಸ್ತಿನ ಮನೆ. ಕೆಳಗೆ ಅತ್ತೆ ಮುನಿಕೆಂಪಮ್ಮ, ನಡುವೆ ಭಾವ ಸುಬ್ರಮಣಿ, ಓರಗಿತ್ತಿ ಧನಲಕ್ಷ್ಮಿ, ಅವರ ಇಬ್ಬರು ಗಂಡುಮಕ್ಕಳು, ಮೇಲೆ ನಾವು. ದೊಡ್ಡವರಿಗೆಲ್ಲ ವಿಷಯ ಗೊತ್ತು. ಮಕ್ಕಳಿಗೆ ಯಾರಿಗೂ ಗೊತ್ತಿಲ್ಲ. ಭಾವನ ಹಿರಿಯ ಮಗ ಯಶಸ್‌ಗೆ ಎಂಟು ವರ್ಷ, ದೊಡ್ಡವರ ಮಾತು ಕೇಳಿಸಿಕೊಳ್ಳುವ ವಯಸ್ಸು. ಅವನ ಬಾಯಿಂದ ಅವಳಿಗೆ ತಿಳಿಯುವ ಮೊದಲು ನಾನೇ ಹೇಳಬೇಕು. ಅದು ಹೇಗೆ ಎಂದು

ನನ್ನ ಗಂಡ ಮುನೇಶ್ 'ಹತ್ತು ವರ್ಷ ಆಗ್ಲಿ ಬಿಡು ರೇಖಾ' ಎನ್ನುತ್ತಾರೆ. ಅತ್ತೆ ಒಳ್ಳೆಯವರು. ಅವರಿಗೊಂದು ಅಭ್ಯಾಸವಿದೆ. ಮೊಮ್ಮಕ್ಕಳನ್ನು 'ನಿನ್ನನ್ನ ತೌಡು ಕೊಟ್ಟು ತಗೊಂಡಿದ್ದು' ಎಂದು ರೇಗಿಸುವುದು. ನಿಮ್ಮ ಕಡೆಯೂ ಹೇಳುತ್ತಿರಬಹುದು, ನನ್ನನ್ನೂ ನಮ್ಮ ತಾತ ಹಾಗೇ ಅಳಿಸುತ್ತಿದ್ದರು. ಸಿಂಚನಳಿಗೆ ಮಾತು ಬರುವ ಮೊದಲೇ ಅತ್ತೆಯ ಹತ್ತಿರ ಕೇಳಿಕೊಂಡೆ, ಇವಳಿಗೆ ಮಾತ್ರ ಯಾವತ್ತೂ ಅದನ್ನು ಅನ್ನಬೇಡಿ ಎಂದು. 'ಆಯ್ತು ಬಿಡವ್ವ' ಎಂದರು. ಇವತ್ತಿನವರೆಗೂ ಒಮ್ಮೆಯೂ ಅಂದಿಲ್ಲ. ಅದೊಂದು ಸಮಾಧಾನ.

ಇಂಥ ಮಕ್ಕಳಿಗೆ ಓದಿ ಹೇಳಬಹುದಾದ ಚಿತ್ರಪುಸ್ತಕ ನಿಮ್ಮಲ್ಲಿ ಇದೆಯೇ? ಕನ್ನಡದಲ್ಲಿದ್ದರೆ

ಇತಿ ನಮಸ್ಕಾರಗಳೊಂದಿಗೆ,
ಶಶಿರೇಖಾ


ಚಿಕ್ಕಬಾಣಾವರ
21 ಜುಲೈ 2014

ಶಶಿರೇಖಾ ಅವರಿಗೆ,

ಪುಸ್ತಕ ಕಳಿಸುತ್ತಿದ್ದೇನೆ. ಒಂದು ಕರಡಿ ದಂಪತಿ ನರಿಮರಿಯನ್ನು ಮನೆಗೆ ಕರೆತರುವ ಕಥೆ. ಮೂಲ ಯಾವ ದೇಶದ್ದೋ ತಿಳಿಯದು. ನನಗೆ ಸಿಕ್ಕಿದ್ದು ಇಂಗ್ಲಿಷ್ ಪ್ರತಿ. ನನ್ನ ಲೈಬ್ರರಿಯ ಹೊರದೇಶದ ಪುಸ್ತಕಗಳೆಲ್ಲ ಹೀಗೇ: ಇಂಗ್ಲಿಷ್ ಸಾಲಿನ ಮೇಲೆ ಅಷ್ಟೇ ಅಗಲದ ಬಿಳಿ ಚೀಟಿ ಅಂಟಿಸಿ, ಕನ್ನಡವನ್ನು ನಾನೇ ಕೈಯಲ್ಲಿ ಬರೆದಿರುತ್ತೇನೆ. ಆದ್ದರಿಂದ ತಪ್ಪುಗಳಿದ್ದರೆ ಅವು ನನ್ನವು, ಕರಡಿಯದ್ದಲ್ಲ.

ಮಗುವಿಗೆ ಓದುವ ಮೊದಲು ನೀವೊಬ್ಬರೇ ಮೂರು ಸಲ ಗಟ್ಟಿಯಾಗಿ ಓದಿಕೊಳ್ಳಿ. ಯಾವ ಪುಟದಲ್ಲಿ ನಿಮ್ಮ ದನಿ ಬದಲಾಗುತ್ತದೋ ಆ ಪುಟವನ್ನೇ ಮಗು ಮತ್ತೆ ಮತ್ತೆ ಕೇಳುತ್ತದೆ. ಕರಡಿಯ ಕಥೆ ಮುಗಿದ ಮೇಲೆ 'ನೀನೂ ಹೀಗೆಯೇ ಬಂದೆ' ಎಂಬ ಮಾತು ನಿಮ್ಮಿಂದಲೇ ಬರಬೇಕು. ಅದನ್ನು ಯಾವ ಪುಸ್ತಕವೂ ಹೇಳಿಕೊಡುವುದಿಲ್ಲ.

ನಿಮ್ಮ ಪತ್ರದಲ್ಲಿ ಭಯ ಎಂಬ ಪದ ಎಲ್ಲೂ ಇಲ್ಲ. ಎರಡು ವಾಕ್ಯಗಳು ಮಾತ್ರ ಅರ್ಧಕ್ಕೆ ನಿಂತಿವೆ.

ಪುಸ್ತಕ ಮೂರು ವಾರ ಇಟ್ಟುಕೊಳ್ಳಬಹುದು.

ದ್ರೌಪದಮ್ಮ


ಕೊಡಿಗೇಹಳ್ಳಿ
17 ಆಗಸ್ಟ್ 2014

ದ್ರೌಪದಮ್ಮನವರಿಗೆ ನಮಸ್ಕಾರಗಳು.

ಮೂರು ವಾರ ದಾಟಿದ್ದಕ್ಕೆ ಕ್ಷಮಿಸಿ. ಸಿಂಚನ ಪುಸ್ತಕ ಬಿಡುತ್ತಿಲ್ಲ. ಕರಡಿಗಳು ರೈಲಿನಲ್ಲಿ ಹೋಗುವ ಪುಟ ಅವಳಿಗೆ ಬಾಯಿಪಾಠ. ನಮ್ಮ ಮನೆಯ ಮೇಲೆ ಜಕ್ಕೂರಿನ ತರಬೇತಿ ಶಾಲೆಯ ಪುಟ್ಟ ವಿಮಾನಗಳು ಹಾರುವಾಗ 'ಕರಡಿ ಯಾಕೆ ಪ್ಲೇನಲ್ಲಿ ಹೋಗ್ಲಿಲ್ಲ' ಎಂದು ಕೇಳುತ್ತಾಳೆ.

ನನ್ನ ದನಿ ಬದಲಾಗಿದ್ದು ಹನ್ನೊಂದನೇ ಪುಟದಲ್ಲಿ. ಕರಡಿಯಮ್ಮ ನರಿಮರಿಗೆ 'ನಾವು ನಿನ್ನನ್ನೇ ಆರಿಸಿಕೊಂಡೆವು' ಎನ್ನುವಲ್ಲಿ. ನನಗೆ ಅದು ತುಂಬಾ ಹಿಡಿಸಿತ್ತು. ಆದರೆ ಶುಕ್ರವಾರ ಹೀಗಾಯಿತು. ಶಿವಪ್ಪನ ತರಕಾರಿ ಗಾಡಿ ಬಂದಿತ್ತು. ನಾನು ಬದನೆಕಾಯಿ ನೋಡಿ ನೋಡಿ ಆರಿಸುತ್ತಿದ್ದೆ. ಇವಳು ಪಕ್ಕದಲ್ಲಿ ನಿಂತು ನೋಡುತ್ತಿದ್ದಳು.

"ಅದನ್ನ ಯಾಕೆ ವಾಪಸ್ ಹಾಕ್ದೆ?"

"ಹುಳುಕು ಕಣೇ."

"ಕರಡಿಯಮ್ಮಾನೂ ಹಿಂಗೇ ನೋಡಿ ನೋಡಿ ಆರಿಸ್ತಾ?"

ಶಿವಪ್ಪ ನಡುವೆ ಬಾಯಿ ಹಾಕಿದ. "ಪಾಪೂ, ನನ್ ಗಾಡೀಲಿ ಎಲ್ಲಾ ಫಸ್ಟ್ ಕ್ಲಾಸ್ ಮಾಲು. ನಿಮ್ಮಮ್ಮಂಗೇ ಅನುಮಾನ ಜಾಸ್ತಿ!"

ಅವಳು ನಗಲಿಲ್ಲ. ಗಾಡಿಯಲ್ಲಿ ಉಳಿದ ಬದನೆಕಾಯಿಗಳನ್ನು ನೋಡುತ್ತಾ, "ಮಿಕ್ಕಿದ ನರಿಮರಿಗಳನ್ನ ಯಾರು ತಗೊಂಡ್ರು?" ಎಂದಳು. ಅವತ್ತಿನಿಂದ ಹನ್ನೊಂದನೇ ಪುಟ ಬಂದರೆ ಎರಡು ಪುಟ ಒಟ್ಟಿಗೆ ಮಗುಚುತ್ತಾಳೆ.

ಮುನೇಶ್ ಒಂದು ದಿನ ಪುಸ್ತಕ ಹಿಡಿದರು. ನರಿಮರಿ ಬರುವ ಹೊತ್ತಿಗೆ ಸರಿಯಾಗಿ ಸೆಂಟ್ರಿಂಗ್ ಶೀಟು ಎಣಿಸಬೇಕೆಂದು ಅಂಗಡಿಗೆ ಹೊರಟುಬಿಟ್ಟರು. ಅವರ ಅಂಗಡಿಯಲ್ಲಿ ತಾರಸಿ ಹಾಕುವವರಿಗೆ ಬಾಡಿಗೆಗೆ ಕೊಡುವ ಆ ಶೀಟುಗಳನ್ನು ಬೆಳಿಗ್ಗೆಯೇ ಎಣಿಸಿ ಬಂದಿದ್ದರು.

ಇದಕ್ಕಿಂತ ಬೇರೆ ಪುಸ್ತಕ ಇದೆಯೇ?

ನಮಸ್ಕಾರಗಳೊಂದಿಗೆ,
ಶಶಿರೇಖಾ


ಚಿಕ್ಕಬಾಣಾವರ
26 ಆಗಸ್ಟ್ 2014

ಶಶಿರೇಖಾ ಅವರಿಗೆ,

ತಪ್ಪು ನನ್ನದು. ಇಂಗ್ಲಿಷ್ ಸಾಲನ್ನು ಮತ್ತೆ ನನ್ನ ಟಿಪ್ಪಣಿ ಪುಸ್ತಕದಲ್ಲಿ ನೋಡಿದೆ. ಅಲ್ಲಿ ಆರಿಸುವ ಮಾತೇ ಇಲ್ಲ. 'ನೀನು ಇದ್ದೀಯೆಂದು ತಿಳಿಯಿತು, ಹೊರಟು ಬಂದೆವು' ಎಂದಷ್ಟೇ ಇದೆ. ಆ ಪುಟದಲ್ಲಿ ಚೀಟಿಗೆ ಜಾಗ ಕಡಿಮೆ. ಕರಡಿಯ ಪಾದ ಅಡ್ಡ ಬರುತ್ತದೆ. ಒಂದೇ ಸಾಲಿನಲ್ಲಿ ಹಿಡಿಸಲಿ ಎಂದು ನಾನು 'ಆರಿಸಿಕೊಂಡೆವು' ಎಂದು ಬರೆದೆ. ಕೇಳಲೂ ಚೆನ್ನಾಗಿತ್ತು. ಐದು ವರ್ಷಗಳಲ್ಲಿ ಹನ್ನೊಂದು ಮನೆಗಳಿಗೆ ಈ ಪುಸ್ತಕ ಹೋಗಿದೆ. ಯಾರೂ ಈ ಪುಟದ ಬಗ್ಗೆ ಬರೆಯಲಿಲ್ಲ. ಆ ಮಕ್ಕಳು ಕೇಳಲಿಲ್ಲವೋ, ಕೇಳಿದ್ದು ದೊಡ್ಡವರಿಗೆ ಕೇಳಿಸಲಿಲ್ಲವೋ, ಈಗ ಯೋಚಿಸುತ್ತಾ ಕೂತಿದ್ದೇನೆ.

ಹೊಸ ಚೀಟಿ ಇದರೊಂದಿಗಿದೆ, ಸಣ್ಣ ಅಕ್ಷರದಲ್ಲಿ ಎರಡು ಸಾಲು. ಮೈದಾ ಅಂಟಿನಿಂದ ಅಂಟಿಸಿ. ಸಿಂಚನ ನೋಡುತ್ತಿರುವಾಗಲೇ ಅಂಟಿಸಿ, ಮೊದಲು ಬರೆದಿದ್ದು ತಪ್ಪಾಗಿತ್ತು ಎಂದು ಹೇಳಿ. ಪುಸ್ತಕಗಳೂ ತಪ್ಪು ಹೇಳುತ್ತವೆ ಎಂದು ಅವಳಿಗೆ ತಿಳಿದರೆ ನಷ್ಟವಿಲ್ಲ.

ಬೇರೆ ಪುಸ್ತಕ ಕಳಿಸುವುದಿಲ್ಲ. ನಿಮ್ಮ ಪತ್ರದಲ್ಲಿ ಕರಡಿ ಇದೆ, ಬದನೆಕಾಯಿ ಇದೆ, ಸೆಂಟ್ರಿಂಗ್ ಶೀಟು ಇದೆ. 'ನಾನು ಅವಳಿಗೆ ಹೇಳಿದೆ' ಎಂಬ ಮಾತು ಎಲ್ಲೂ ಸಿಗಲಿಲ್ಲ.

ದ್ರೌಪದಮ್ಮ


ಕೊಡಿಗೇಹಳ್ಳಿ
28 ಸೆಪ್ಟೆಂಬರ್ 2014

ದ್ರೌಪದಮ್ಮನವರಿಗೆ ನಮಸ್ಕಾರಗಳು.

ಚೀಟಿ ಅಂಟಿಸಿದೆವು. ಹೇಳಲಿಲ್ಲ. ಈಗ ಹೇಳಲೇಬೇಕಾದ ಸ್ಥಿತಿಯನ್ನು ನಾನೇ ತಂದುಕೊಂಡಿದ್ದೇನೆ.

ಅಮಾವಾಸ್ಯೆಯ ದಿನ ಮನೆಯಲ್ಲಿ ಪಕ್ಷದ ಊಟ. ಕೆಳಗೆ ಅತ್ತೆಯ ಹಜಾರದಲ್ಲಿ ಎಲ್ಲರೂ ಸೇರಿದ್ದೆವು. ಜಕ್ಕೂರಿನಿಂದ ನಾದಿನಿ ನಾಗಲಕ್ಷ್ಮಿ ಮಗಳನ್ನು ಕರೆದುಕೊಂಡು ಬಂದಿದ್ದಳು. ಮಕ್ಕಳು ಸಾಲಾಗಿ ಎಲೆಯ ಮುಂದೆ ಕೂತಿದ್ದರು. ಅತ್ತೆ ಬಡಿಸುತ್ತಾ ಶುರು ಮಾಡಿದರು.

"ಈ ಯಸಸ್ಸು ಐತಲ್ಲ, ಎಲ್ಡು ಸೇರು ತೌಡು ಕೊಟ್ಟು ತಗಂಡಿದ್ದು. ಆವಾಗ ತೌಡು ಅಗ್ಗ."

"ನಾನು ಅಜ್ಜೀ?" ಎಂದ ಅವನ ತಮ್ಮ ಲಿಖಿತ್.

"ನಿಂಗೆ ತೌಡೂ ದಂಡ ಕಣೋ. ಒಂದು ಮೊರ ಬೂದಿ ಕೊಟ್ಟು ತಂದ್ವಿ."

ಎಲ್ಲರೂ ನಕ್ಕರು. ನಾಗಲಕ್ಷ್ಮಿಯ ಮಗಳಿಗೆ ಒಂದು ಸೇರು, ಅದೂ ಹುಳ ಬಿದ್ದ ತೌಡು. ಅವಳ ಪಕ್ಕದಲ್ಲಿ ಸಿಂಚನ. ಬೆನ್ನು ನೆಟ್ಟಗೆ ಮಾಡಿಕೊಂಡು, ಕೈ ಎರಡೂ ಮಂಡಿಯ ಮೇಲಿಟ್ಟುಕೊಂಡು ಕಾಯುತ್ತಿದ್ದಳು. ಅತ್ತೆ ಅವಳ ಮುಂದೆ ಬಂದು ಒಂದು ಕ್ಷಣ ನಿಂತರು. "ನೀನು ಉಣ್ಣು ಕಂದ. ಮುದ್ದೆ ಮುರ್ದು ಕೊಡ್ಲಾ?" ಎಂದು ಮುಂದೆ ಹೋದರು. ನಾನು ಅಡುಗೆಮನೆ ಬಾಗಿಲಿನಿಂದ ಅವರಿಗೆ ಕಣ್ಣಲ್ಲೇ ಕೈಮುಗಿದೆ.

ಅವತ್ತಿನಿಂದ ಸಿಂಚನ ಕೆಳಗೆ ಹೋಗುತ್ತಿಲ್ಲ. ಅಜ್ಜಿ ಕರೆದರೆ ಹೊಟ್ಟೆನೋವು ಎನ್ನುತ್ತಾಳೆ. ಮೂರು ದಿನ ನೋಡಿದೆ. ಯಶಸ್ ಏನೋ ಹೇಳಿಬಿಟ್ಟಿದ್ದಾನೆ ಎಂದು ಖಾತ್ರಿಯಾಯಿತು. ಅವನನ್ನು ತಾರಸಿಗೆ ಕರೆದೆ.

"ಸಿಂಚನ ಬಗ್ಗೆ ಅವಳಿಗೆ ಏನಾದ್ರೂ ಹೇಳ್ದೇನೋ?"

"ಏನ್ ಚಿಕ್ಕಮ್ಮ?"

"ಅದೇ... ಅವಳು ಎಲ್ಲಿಂದ ಬಂದ್ಲು ಅಂತ, ಯಾರಾದ್ರೂ ಹೇಳಿದ್ದು..."

ಹುಡುಗ ನನ್ನ ಮುಖವನ್ನೇ ನೋಡಿದ. "ಎಲ್ಲಿಂದ ಬಂದ್ಲು?"

ಅವನಿಗೆ ಏನೂ ಗೊತ್ತಿರಲಿಲ್ಲ. ಕೇಳಿ ಕೇಳಿ ನಾನೇ ತಿಳಿಸಿಬಿಟ್ಟೆ. ಅದೂ ಸಾಲದೆಂದು, ಯಾರಿಗೂ ಹೇಳಬೇಡ ಎಂದು ಚಾಕೊಲೇಟು ಕೊಡಿಸಿದೆ. ಹೇಳಬಾರದ ವಿಷಯ ಒಂದಿದೆ ಎಂಬುದಕ್ಕೆ ಅವನಿಗೆ ಇನ್ನೇನು ಸಾಕ್ಷಿ ಬೇಕು? ಈಗ ಮೆಟ್ಟಿಲ ಮೇಲೆ ಅವನ ಹೆಜ್ಜೆ ಕೇಳಿದರೆ ನಾನು ಕೆಲಸ ನಿಲ್ಲಿಸಿ ಕಿವಿಗೊಡುತ್ತೇನೆ.

ಏನು ಮಾಡಲಿ, ತಿಳಿಸಿ.

ಶಶಿರೇಖಾ


(ಕಾರ್ಡು)
ಚಿಕ್ಕಬಾಣಾವರ
1 ಅಕ್ಟೋಬರ್ 2014

ಶಶಿರೇಖಾ ಅವರಿಗೆ,

ಈ ಕಾರ್ಡು ತಲುಪಿದ ದಿನವೇ ಹೇಳಿ. ಪುಸ್ತಕ ಬೇಡ.

ನನಗೆ ತಿಳಿದದ್ದು ಹತ್ತೊಂಬತ್ತನೇ ವಯಸ್ಸಿನಲ್ಲಿ. ಹೇಳಿದವನು ಒಬ್ಬ ಬಸ್ ಕಂಡಕ್ಟರ್. ನಮ್ಮೂರಿನ ಕಡೆಯವನಂತೆ. ಟಿಕೆಟ್ ಹರಿಯುತ್ತಾ, 'ನೀವು ಇಂಥವರ ಸಾಕುಮಗಳಲ್ವಾ' ಎಂದ. ಅವನಿಗೆ ಕೆಟ್ಟ ಉದ್ದೇಶವಿರಲಿಲ್ಲ. ನಾನು ಇಳಿಯಬೇಕಾದ ಸ್ಟಾಪು ಯಾವಾಗ ಬಂತೋ ಗೊತ್ತಿಲ್ಲ. ಆ ಬಸ್ಸಿನಲ್ಲಿ ಕೊನೆಯವರೆಗೂ ಹೋದೆ.

ದ್ರೌಪದಮ್ಮ


ಕೊಡಿಗೇಹಳ್ಳಿ
20 ಅಕ್ಟೋಬರ್ 2014

ದ್ರೌಪದಮ್ಮನವರಿಗೆ,

ಕಾರ್ಡು ತಲುಪಿದ ದಿನ ಹೇಳಲಿಲ್ಲ. ಯಶಸ್ ದಸರಾ ರಜೆಗೆ ದೊಡ್ಡಬಳ್ಳಾಪುರದ ತನ್ನ ತಾಯಿಯ ತವರಿಗೆ ಹೋಗಿದ್ದ. ಅವನು ಬರುವವರೆಗೆ ಸಮಯವಿದೆ ಎಂದುಕೊಂಡು ದಿನ ಎಣಿಸಿದೆ. ಕಾರ್ಡನ್ನು ಅಕ್ಕಿಡಬ್ಬದ ಕೆಳಗಿಟ್ಟು ದಿನಾ ಒಮ್ಮೆ ತೆಗೆದು ಓದುತ್ತಿದ್ದೆ.

ಸಿಂಚನಳ ಶಾಲೆ ಮತ್ತೆ ಶುರುವಾದ ಬೆಳಿಗ್ಗೆ. ಯಶಸ್‌ನ ಶಾಲೆ ಬೇರೆ, ಅವನ ರಜೆ ಇನ್ನೆರಡು ದಿನವಿತ್ತು. ಸಿಂಚನಳ ಬ್ಯಾಗಿನಿಂದ ಊಟದ ಡಬ್ಬಿ ತೆಗೆದೆ, ಭಾರವಿತ್ತು. ಮುಚ್ಚಳ ತೆಗೆದರೆ ಒಳಗೆ ತೌಡು. ಒತ್ತಿ ಒತ್ತಿ ತುಂಬಿದ್ದಳು. ನಮ್ಮ ಮನೆಯ ಪಕ್ಕದಲ್ಲಿ ಹಳೆಯ ಕೊಟ್ಟಿಗೆ ಉಳಿದಿದೆ. ಅತ್ತೆ ಒಂದು ಹಸುವನ್ನು ಇನ್ನೂ ಸಾಕುತ್ತಾರೆ. ಅದರ ಮೂಟೆಯಿಂದ ತಂದದ್ದು.

"ಇದೇನೇ ಇದು?"

"ಅಜ್ಜಿಗೆ."

"ಅಜ್ಜಿಗೆ ಯಾಕೆ ತೌಡು?"

ಅವಳು ಡಬ್ಬಿಯ ಮುಚ್ಚಳ ಹಾಕಿ ಒತ್ತಿದಳು. ಆಮೇಲೆ, "ಯಶಸ್‌ನ ತಗೊಂಡ್ರು. ಲಿಖಿತ್‌ನ ತಗೊಂಡ್ರು. ಎಲ್ಲಾರ್ನೂ ತಗೊಂಡ್ರು. ನನ್ನೊಬ್ಳನ್ನೇ ತಗೊಂಡಿಲ್ಲ. ಅಜ್ಜಿ ಹತ್ರ ತೌಡು ಖಾಲಿ ಆಗಿರ್ಬೇಕು," ಎಂದಳು.

ದ್ರೌಪದಮ್ಮನವರೇ, ನಾಲ್ಕು ವರ್ಷ ನಾನು ಕಾವಲು ಕಾಯ್ದದ್ದು ಇದಕ್ಕೆ. ಮನೆಯ ಮಕ್ಕಳಿಗೆಲ್ಲ ಸಿಕ್ಕಿದ ಒಂದು ಮಾತನ್ನು ಇವಳ ಎಲೆಗೆ ಬೀಳದಂತೆ ತಡೆದವಳು ನಾನು.

ಶಾಲೆಗೆ ಕಳಿಸಲಿಲ್ಲ. ಮೆಟ್ಟಿಲ ಮೇಲೆ ಕೂತೆವು, ಡಬ್ಬಿ ನಮ್ಮಿಬ್ಬರ ನಡುವೆ. ಹೇಳಿದೆ. ನೀನು ಇನ್ನೊಬ್ಬ ಅಮ್ಮನ ಹೊಟ್ಟೆಯಲ್ಲಿ ಬೆಳೆದೆ. ಅವಳಿಗೆ ನಿನ್ನನ್ನು ಸಾಕಲು ಆಗಲಿಲ್ಲ. ಯಾಕೆಂದು ನನಗೆ ಗೊತ್ತಿಲ್ಲ, ಅವಳ ಹೆಸರೂ ಗೊತ್ತಿಲ್ಲ. ತೊಟ್ಟಿಲುಗಳಿದ್ದ ಒಂದು ಮನೆಯಲ್ಲಿ ನಿನ್ನನ್ನು ನೋಡಿಕೊಳ್ಳುತ್ತಿದ್ದರು. ಒಂದು ದಿನ ಫೋನ್ ಬಂತು. ನೀನು ಇದ್ದೀಯೆಂದು ತಿಳಿಯಿತು, ಹೊರಟು ಬಂದೆವು. (ನಿಮ್ಮ ಚೀಟಿಯ ಸಾಲು ತಾನಾಗಿ ಬಾಯಿಗೆ ಬಂತು.) ಅಪ್ಪ ಗಾಬರಿಯಲ್ಲಿ ಎರಡು ಬೇರೆ ಬೇರೆ ಚಪ್ಪಲಿ ಹಾಕಿಕೊಂಡು ಬಂದಿದ್ದರು.

"ಬೇರೆ ಬೇರೆ ಕಲರ್ರಾ?"

"ಒಂದು ಕಪ್ಪು, ಒಂದು ಕಂದು."

ಅದನ್ನು ಎರಡು ಸಲ ಹೇಳಿಸಿದಳು. ಆಮೇಲೆ ಕೇಳಿದಳು. "ಯಶಸ್?"

"ಯಶಸ್ ದೊಡ್ಡಮ್ಮನ ಹೊಟ್ಟೇಲಿದ್ದ. ತೌಡು ಕೊಟ್ಟಿದ್ದು ಸುಳ್ಳು, ಅಜ್ಜಿ ತಮಾಷೆಗೆ ಹೇಳೋದು."

"ಮತ್ತೆ ನಂಗ್ಯಾಕೆ ಹೇಳಲ್ಲ?"

"ನಾನೇ ಹೇಳ್ಬೇಡಿ ಅಂದಿದ್ದೆ."

ಅವಳು ನನ್ನನ್ನು ನೋಡಿದ ರೀತಿಯನ್ನು ಬರೆಯಲಾರೆ. ಡಬ್ಬಿ ಎತ್ತಿಕೊಂಡು ಕೆಳಗಿಳಿದಳು. ನಾನು ಹಿಂದೆ ಹೋದೆ. ಅತ್ತೆ ಸೊಪ್ಪು ಬಿಡಿಸುತ್ತಿದ್ದರು.

"ಅಜ್ಜೀ, ತೌಡು ತಂದಿದೀನಿ. ನನ್ನೂ ತಗೋ."

ಅತ್ತೆ ಡಬ್ಬಿ ನೋಡಿದರು, ನನ್ನ ಮುಖ ನೋಡಿದರು. "ಯೋಳ್ಬುಟ್ಯಾ?"

"ಹೇಳ್ದೆ ಅತ್ತೆ."

"ಸದ್ಯ," ಎಂದು ಸೊಪ್ಪನ್ನು ಪಕ್ಕಕ್ಕಿಟ್ಟರು. "ನಾಕ್ ವರ್ಸದಿಂದ ಎದೇಲಿ ಕೆಂಡ ಇಟ್ಕಂಡಿದ್ದೆ ಕಣವ್ವ. ತೌಡಿನ ಮಾತು ಬರೀ ತಮಾಸೆ ಅಂದ್ಕಂಡ್ಯಾ? ಸುಬ್ರಮಣಿ ಆದ್ಮೇಲೆ ನಂಗೆ ಎಲ್ಡು ಕೂಸು ಹೋದ್ವು. ನಿನ್ ಗಂಡ ಉಟ್ದಾಗ ಮೊರದಾಗೆ ಮಲಗ್ಸಿ ಆಚೆಮನೆ ಚನ್ನಕ್ಕನ ಕೈಗೆ ಕೊಟ್ಬುಟ್ಟೆ. ಆಮೇಲೆ ಒಂದು ಸೇರು ತೌಡು ಕೊಟ್ಟು ಅವಳತ್ರ ತಗಂಡೆ. ತೌಡಿನ ಬೆಲೆ ಕೂಸು, ಇದ್ಯಾಕೆ ಅಂತ ಸಾವು ಬಿಟ್ಟೋಗ್ಲಿ ಅಂತ. ಅವನು ಉಳ್ಕಂಡ. ಅವತ್ತಿಂದ ಈ ಮನೇಲಿ ಎಲ್ಲಾ ಮಕ್ಳಿಗೂ ಅಂತೀನಿ, ಕಣ್ಣಾಗ್ದಂಗೆ. ಇವಳೊಬ್ಳಿಗೆ ಅನ್ಬ್ಯಾಡಿ ಅಂದೆ ನೀನು."

ನಾನು ಅಲ್ಲೇ ಕೂತೆ.

"ಇವ್ಳಿಗೆ ಜ್ವರ ಬಂದಾಗ್ಲೆಲ್ಲ ನಂಗೆ ಪುಕಪುಕ ಅನ್ನೋದು. ಕೊಟ್ಗೆಗೋಗಿ ಅಸೀನ ಕಿವೀಲಿ ಅಂದು ಬರ್ತಿದ್ದೆ, ಸಿಂಚನೂನ್ನೂ ತೌಡಿಗೇ ತಗಂಡಿದ್ದು ಅಂತ. ಅಸೀಗೆ ಯೋಳುದ್ರೆ ಮಾತು ಮುರ್ದಂಗಾಯ್ತದಾ?"

ಸಿಂಚನ ಕಣ್ಣರಳಿಸಿದಳು. "ಎಷ್ಟು ಸೇರು ಅಂತ ಹೇಳ್ದೆ?"

"ಅರ್ದ ಸೇರು."

"ಯಶಸ್‌ಗೆ ಎರಡು ಸೇರು!"

"ಅವನು ದಪ್ಪಕಿದ್ದ."

"ನಂಗೆ ಮೂರು."

"ಮೂರಾ? ಈ ಚಪ್ಪಟೆ ಮೂಗಿಗೆ ಮೂರು ಸೇರು ಯಾವನ್ ಕೊಟ್ಟಾನು? ಎಲ್ಡೂವರೆ. ಅದಕ್ಕಿಂತ ಒಂದು ಕಾಳು ಜಾಸ್ತಿ ಇಲ್ಲ."

ಸಿಂಚನ ಯೋಚಿಸಿ ಒಪ್ಪಿದಳು. ಇಬ್ಬರೂ ಹೋಗಿ ತೌಡನ್ನು ಹಸುವಿಗೆ ಹಾಕಿ ಬಂದರು. ಡಬ್ಬಿಯನ್ನು ನಾನು ಮೂರು ಸಲ ತೊಳೆದೆ.

ಸಂಜೆ ಮುನೇಶ್‌ಗೆ ಎಲ್ಲವನ್ನೂ ಹೇಳಿದೆ. ಎದ್ದು ಹೋದರು. ಸ್ವಲ್ಪ ಹೊತ್ತಾದ ಮೇಲೆ ಹಜಾರದಲ್ಲಿ ಸದ್ದು. ಹೋಗಿ ನೋಡಿದರೆ ಆ ಹಳೆಯ ಚಪ್ಪಲಿಗಳನ್ನು ಎಲ್ಲಿಂದಲೋ ಹುಡುಕಿ ತೆಗೆದು ಅವಳಿಗೆ ತೋರಿಸುತ್ತಿದ್ದರು.

ಈಗ ಹೊಸ ಭಯ. ತನ್ನನ್ನು ಕೊಂಡುಕೊಂಡರು ಎಂದು ಅವಳು ನಂಬಿಬಿಟ್ಟರೆ? ನಾನು ಮಾಡಿದ್ದು ಸರಿಯೇ?

ಶಶಿರೇಖಾ


ಚಿಕ್ಕಬಾಣಾವರ
30 ಅಕ್ಟೋಬರ್ 2014

ಶಶಿರೇಖಾ,

ಪತ್ರವನ್ನು ಎರಡು ಸಲ ಓದಿದೆ.

ನಿಮ್ಮ ಭಯ ನನಗೂ ಇದೆ. ಮಕ್ಕಳನ್ನು ಕೊಳ್ಳುವವರು, ಮಾರುವವರು ಈ ಊರಿನಲ್ಲೇ ಇರುವಾಗ ಆ ತೌಡಿನ ಮಾತನ್ನು ನಾನು ಯಾವ ಚೀಟಿಯ ಮೇಲೂ ಬರೆಯಲಾರೆ. ಆದರೆ ನಿಮ್ಮ ಅತ್ತೆ ಮಾಡಿದ್ದಕ್ಕಿಂತ ಒಳ್ಳೆಯದು ನನ್ನ ಮುನ್ನೂರು ಪುಸ್ತಕಗಳಲ್ಲಿ ಇಲ್ಲ. ಸರಿಯೋ ತಪ್ಪೋ ಎಂದು ಕೇಳಿದ್ದೀರಿ, ತಿಳಿಯದು. ಅವಳು ಮುಂದೆ ಏನು ಕೇಳುತ್ತಾಳೋ ಅದನ್ನು ಕೇಳಿಸಿಕೊಳ್ಳಿ. ಸುಳ್ಳು ಹೇಳಬೇಡಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಿ.

ಪುಸ್ತಕ ಅವಳಿಗೆ ಸಾಕೆನಿಸಿದಾಗ ಕಳಿಸಿ.

ದ್ರೌಪದಮ್ಮ


ಕೊಡಿಗೇಹಳ್ಳಿ
24 ಜನವರಿ 2015

ದ್ರೌಪದಮ್ಮನವರಿಗೆ ನಮಸ್ಕಾರಗಳು.

ಮೂರು ತಿಂಗಳು ಬರೆಯಲಿಲ್ಲ. ಬರೆಯಲು ಕೂತರೆ ಅವತ್ತಿನ ದಿನಕ್ಕೊಂದು ಹೊಸ ಚಿಂತೆ ಇರುತ್ತಿತ್ತು.

ಯಶಸ್‌ಗೆ ಅವಳೇ ಹೇಳಿದಳು, ಅವನು ಊರಿನಿಂದ ಬಂದು ಬ್ಯಾಗು ಇಳಿಸುವ ಮೊದಲೇ. "ನಿಂಗೆ ಎರಡು ಸೇರು, ನಂಗೆ ಎರಡೂವರೆ. ನಾನು ಬೇರೆ ಅಮ್ಮನ ಹೊಟ್ಟೇಲಿದ್ದೆ. ತೌಡು ಸುಳ್ಳು, ಹೊಟ್ಟೆ ನಿಜ." ಅವನು ನನ್ನ ಕಡೆ ನೋಡಿ, "ಇದೇನಾ ಚಿಕ್ಕಮ್ಮ ಅವತ್ತು ಚಾಕೊಲೇಟು ಕೊಡ್ಸಿದ್ದು?" ಎಂದ. ಅಷ್ಟೇ. ನಾನು ತಿಂಗಳುಗಟ್ಟಲೆ ಹೆದರಿದ್ದು ಹೀಗೆ ಮುಗಿಯಿತು. ಆದರೆ ಅವಳು ತರಕಾರಿ ಶಿವಪ್ಪನಿಗೂ ಹೇಳಿದಳು, ಶಾಲೆಯ ಆಯಾಗೂ ಹೇಳಿದಳು. 'ಬೀದಿಗೆಲ್ಲ ಹೇಳ್ಕೊಂಡು ತಿರುಗ್ತಾಳಲ್ಲ ಶಶಿ, ನಾಳೆ ದೊಡ್ಡವಳಾದ್ಮೇಲೆ ಜನ ಆಡ್ಕೊಂಡ್ರೆ?' ಎಂದು ಧನಲಕ್ಷ್ಮಿ ಕೇಳಿದಳು.

ಬರೆಯಬೇಕಾದ್ದು ಬೇರೆ. ಸಂಕ್ರಾಂತಿಯ ಮಾರನೆಯ ದಿನ ತಿಂಡಿ ತಿನ್ನುತ್ತಿದ್ದಾಗ ಕೇಳಿದಳು.

"ತೌಡು ಸುಳ್ಳು ಅಂದ್ರೆ, ಆ ಅಮ್ಮಂಗೆ ಯಾರೂ ಏನೂ ಕೊಡ್ಲಿಲ್ವಾ?"

"ಇಲ್ಲ ಕಂದ. ಯಾರೂ ಏನೂ ಕೊಡಲಿಲ್ಲ."

ಕೊಂಡುಕೊಂಡರು ಎಂದು ಅವಳು ತಿಳಿದಿಲ್ಲ ಎಂದು ನನಗೆ ಆ ಕ್ಷಣಕ್ಕೆ ಜೀವ ಬಂದಂತಾಯಿತು. ಆದರೆ ಅವಳ ಪ್ರಶ್ನೆ ಮುಗಿದಿರಲಿಲ್ಲ.

"ಹಂಗಾದ್ರೆ ಅವಳು ಊಟಕ್ಕೆ ಏನ್ ಮಾಡಿದ್ಲು?"

ನೀವು ಹೇಳಿದಂತೆ ಗೊತ್ತಿಲ್ಲ ಎಂದೆ. ಅವಳು ತಟ್ಟೆಯಲ್ಲಿದ್ದ ಅರ್ಧ ದೋಸೆಯನ್ನು ಹಾಗೇ ಬಿಟ್ಟು ಎದ್ದಳು. ಎರಡು ದಿನ ಪ್ರತಿ ಊಟದಲ್ಲೂ ಸ್ವಲ್ಪ ಬಿಟ್ಟಳು.

ಮೂರನೇ ದಿನ ನಿಮ್ಮ ಪುಸ್ತಕದ ಕೊನೆಯ ಖಾಲಿ ಪುಟದಲ್ಲಿ ಚಿತ್ರ ಬರೆದಳು. ಲೈಬ್ರರಿಯ ಪುಸ್ತಕ, ಬರೆಯಬಾರದು ಎಂದು ನಾನು ಹೇಳುವ ಮೊದಲೇ ಮುಗಿದಿತ್ತು. ಮೊರದಲ್ಲಿ ಒಂದು ಕೂಸು, ಪಕ್ಕದಲ್ಲಿ ಅಜ್ಜಿ, ಒಂದು ಹಸು, ಎರಡು ಬಣ್ಣದ ಚಪ್ಪಲಿ ಹಾಕಿದ ಅಪ್ಪ, ನಾನು. ಪುಟದ ಅಂಚಿನಲ್ಲಿ ಇನ್ನೊಬ್ಬಳು, ಮುಖವಿಲ್ಲ. ಕೈಯಲ್ಲಿ ಸಿಂಚನಳ ಊಟದ ಡಬ್ಬಿ.

"ಇದಕ್ಕೂ ಚೀಟಿ ಅಂಟಿಸು," ಎಂದಳು.

"ಏನಂತ ಬರೀಲಿ?"

"ಆ ಅಮ್ಮಂದೂ ಊಟ ಆಯ್ತು ಅಂತ ಬರಿ."

ಬರೆದೆ. ಮೈದಾ ಅಂಟಿನಲ್ಲಿ ಅಂಟಿಸಿದೆ. ಅದಾದ ಮೇಲೆ ತಟ್ಟೆಯಲ್ಲಿ ಏನೂ ಬಿಡುತ್ತಿಲ್ಲ.

ಆದರೆ ಅದು ನಿಜವೆಂದು ನನಗೆ ಹೇಗೆ ಗೊತ್ತು? ಸುಳ್ಳು ಹೇಳಬೇಡಿ ಎಂದು ನೀವು ಬರೆದಿದ್ದಿರಿ. ಪುಸ್ತಕ ಕಳಿಸುತ್ತಿದ್ದೇನೆ. ಹಾಳು ಮಾಡಿದ್ದಕ್ಕೆ ಕ್ಷಮೆಯಿರಲಿ. ಆ ಚೀಟಿ ತೆಗೆಯಬೇಕೆಂದರೆ ತೆಗೆಯಿರಿ, ಅವಳಿಗೆ ನಾನು ಹೇಗಾದರೂ ಹೇಳುತ್ತೇನೆ.

ನಮಸ್ಕಾರಗಳೊಂದಿಗೆ,
ಶಶಿರೇಖಾ


ಚಿಕ್ಕಬಾಣಾವರ
2 ಫೆಬ್ರವರಿ 2015

ಶಶಿರೇಖಾ,

ಪುಸ್ತಕ ತಲುಪಿತು. ಚೀಟಿಯ ಒಂದು ಮೂಲೆ ಎದ್ದಿತ್ತು. ಅಂಟು ಹಚ್ಚಿ ಒತ್ತಿದ್ದೇನೆ.

ಆ ಪುಟಕ್ಕೆ ಸಂಖ್ಯೆ ಕೊಟ್ಟಿದ್ದೇನೆ, ಇಪ್ಪತ್ತೈದು. ಮುಂದೆ ಈ ಪುಸ್ತಕ ಯಾವ ಮನೆಗೆ ಹೋದರೂ ಆ ಪುಟದೊಂದಿಗೇ ಹೋಗುತ್ತದೆ.

ಆ ಸಾಲು ನಿಜವೇ ಎಂದು ಕೇಳಿದ್ದೀರಿ. ನನಗೆ ಗೊತ್ತಿಲ್ಲ. ಬಸ್ಸಿನಲ್ಲಿ ಕೊನೆಯವರೆಗೂ ಹೋದ ದಿನದಿಂದ ಇಲ್ಲಿಯವರೆಗೆ, ಹೆತ್ತವಳು ಯಾಕೆ ಕೊಟ್ಟಳು, ಎಲ್ಲಿದ್ದಾಳೆ, ನನ್ನ ನೆನಪಿದೆಯೇ ಎಂದು ನಲವತ್ತೆರಡು ವರ್ಷ ಕೇಳಿಕೊಂಡಿದ್ದೇನೆ. ಅವಳಿಗೆ ಊಟವಾಯಿತೇ ಎಂದು ಒಮ್ಮೆಯೂ ಕೇಳಲಿಲ್ಲ.

ಭಾನುವಾರ ಸಿಂಚನಳನ್ನು ಕರೆದುಕೊಂಡು ಬನ್ನಿ. ಊಟಕ್ಕೇ ಬನ್ನಿ.

ನಿಮ್ಮ
ದ್ರೌಪದಮ್ಮ